ಹಿಂದೆ ಬಾರದ ಕೈ

ಮಾರ್ಚ್ ೩, ಸೋಮವಾರ

ತಮ್ಮನ ಎಡಗೈ ಸುಟ್ಟಿದೆ. ಮಧ್ಯಾಹ್ನ ಲಾಂಡ್ರಿಯಿಂದ ಫೋನು ಬಂತು. ನಾನು ಆಸ್ಪತ್ರೆ ಮುಟ್ಟುವಷ್ಟರಲ್ಲಿ ಬ್ಯಾಂಡೇಜು ಸುತ್ತಿ ಮುಗಿದಿತ್ತು. ಇಸ್ತ್ರಿ ಪ್ರೆಸ್ಸಿನ ಕಾದ ಹಲಗೆಯ ಕೆಳಗೆ ಕೈ ಸಿಕ್ಕಿಕೊಂಡಿತಂತೆ. ಬೆರಳುಗಳ ಹಿಂಬದಿಯಲ್ಲಿ ಗಾಯ ಆಳವಾಗಿದೆ, ತೊಡೆಯ ಚರ್ಮ ತೆಗೆದು ಕಸಿ ಮಾಡಬೇಕು ಎಂದರು.

ಅವನು ಮಂಚದ ಮೇಲೆ ಚಕ್ಕಂಬಕ್ಕಳ ಹಾಕಿಕೊಂಡು ಪಕ್ಕದ ರೋಗಿಗೆ ಕಾಲರಿಗೆ ಗಂಜಿ ಹಾಕುವ ಕ್ರಮ ಹೇಳಿಕೊಡುತ್ತಿದ್ದ. ನೋವು ಹೇಗಿದೆ ಎಂದರೆ ಪರವಾಗಿಲ್ಲ ಎಂದ. ಬ್ಯಾಂಡೇಜು ಹಾಕುವಾಗ ಕಣ್ಣು ಕೂಡ ಮಿಟುಕಿಸಲಿಲ್ಲ, ಇಂಥ ರೋಗಿಯನ್ನು ನೋಡೇ ಇಲ್ಲ ಎಂದು ನರ್ಸು ಹೊಗಳಿದಳು. ನಮ್ಮ ಮನೆಯವರೇ ಹಾಗೆ. ಅಪ್ಪ ಹಲ್ಲು ಕೀಳಿಸಿಕೊಂಡು ಬಂದು ನೇರ ಊಟಕ್ಕೆ ಕೂತವರು.

ಲಾಂಡ್ರಿಯ ಮೇಲ್ವಿಚಾರಕ ಒಂದು ಪೊಟ್ಟಣ ಬಿಸ್ಕತ್ತು ತಂದಿದ್ದ. ಆ ಬಿಸ್ಕತ್ತು ನೋಡಿದ ಕೂಡಲೆ ನನಗೆ ಮೈಯೆಲ್ಲ ಉರಿಯಿತು. ಈ ಲಾಂಡ್ರಿ ಶುರುವಾದಾಗ ನಾನು ಪತ್ರಿಕೆಯಲ್ಲಿ ಕರಡು ತಿದ್ದುತ್ತಿದ್ದೆ. ಉದ್ಘಾಟನೆಯ ವರದಿ ನನ್ನ ಕೈಮೇಲೇ ಹೋಗಿತ್ತು. "ಕಾರ್ಮಿಕರ ಕೈಗಳೇ ನಮ್ಮ ಆಸ್ತಿ" ಎಂದು ಮಾಲೀಕರು ಭಾಷಣ ಮಾಡಿದ್ದರು, ಅದನ್ನೇ ತಲೆಬರಹ ಮಾಡಿದ್ದೆವು. ಆಸ್ತಿ ಸುಟ್ಟರೆ ಬಿಸ್ಕತ್ತು ಕೊಡುತ್ತಾರೆ ಎಂದು ಆಗ ಹೇಳಿರಲಿಲ್ಲ.

ಮಾರ್ಚ್ ೭, ಶುಕ್ರವಾರ

ಕಸಿ ಮುಗಿಸಿ ತಮ್ಮನನ್ನು ಮನೆಗೆ ಕರೆತಂದೆ. ಹಿಂದೆಯೇ ಲಾಂಡ್ರಿಯ ನೋಟೀಸು ಬಂತು. ಅದರಲ್ಲಿ ಕಂಪನಿಯ ವೈದ್ಯರ ಅಭಿಪ್ರಾಯ ಹೀಗಿದೆ: ಬಿಸಿ ತಗಲಿದ ಕೂಡಲೇ ಮನುಷ್ಯನ ಕೈ ತಾನಾಗಿ ಹಿಂದೆ ಬರುತ್ತದೆ. ಇದು ದೇಹದ ನಿಯಮ. ಇಷ್ಟು ಆಳದ ಗಾಯವಾಗಬೇಕಾದರೆ ಕೈಯನ್ನು ಬೇಕೆಂದೇ ಅಲ್ಲಿ ಇಟ್ಟುಕೊಂಡಿರಬೇಕು, ಇಲ್ಲವೇ ಕುಡಿದು ಮೈಮರೆತಿರಬೇಕು. ಎರಡರಲ್ಲಿ ಯಾವುದೇ ಆಗಿದ್ದರೂ ಪರಿಹಾರ ಇಲ್ಲ, ಕೆಲಸವೂ ಇಲ್ಲ. ಇಪ್ಪತ್ತೆಂಟಕ್ಕೆ ಕಾರ್ಮಿಕ ಅಧಿಕಾರಿಯ ಮುಂದೆ ವಿಚಾರಣೆ.

ತಮ್ಮ ಮದುವೆಯ ಊಟದಲ್ಲೂ ಕುಡಿದವನಲ್ಲ. ಅವನ ಮದುವೆ ಆಗಲಿಲ್ಲ ಎಂಬುದು ಬೇರೆ ಮಾತು. ಬೇರೆಯವರ ಮದುವೆ ಹೇಳುತ್ತಿದ್ದೇನೆ.

ನೋಟೀಸು ಓದಿ ಮುಗಿಯುವ ಮೊದಲೇ ಸಂಪಾದಕರಿಗೆ ಪತ್ರ ಬರೆಯಲು ಕೂತೆ. ಕಾರ್ಮಿಕ ಇಲಾಖೆಗೆ ಒಂದು, ಪುರಸಭಾ ಸದಸ್ಯರಿಗೆ ಒಂದು. ಒಲೆಯ ಮೇಲಿಟ್ಟ ಹಾಲು ಉಕ್ಕಿ ಚೆಲ್ಲಿತು. ತಮ್ಮ ಅಡುಗೆಮನೆಯಿಂದ ಕೂಗಿ, ಅಕ್ಕಾ, ಸಂಪಾದಕರಿಗೆ ಹಾಲಿನ ವಿಷಯವನ್ನೂ ಸೇರಿಸಿಬಿಡು ಎಂದ. ಬಲಗೈಯಲ್ಲಿ ಬಟ್ಟೆ ಕೂಡ ಹಿಡಿಯದೆ ಪಾತ್ರೆ ಇಳಿಸಿಟ್ಟಿದ್ದ. ಮೂವತ್ತು ವರ್ಷ ಹೇಳಿದ್ದೇನೆ, ಇಕ್ಕಳ ಇರುವುದು ಗೋಡೆಗೆ ಅಲಂಕಾರ ಮಾಡಲಿಕ್ಕಲ್ಲ ಎಂದು. ಕಿವಿಗೆ ಹಾಕಿಕೊಳ್ಳುವವನಲ್ಲ.

ಮಾರ್ಚ್ ೮, ಶನಿವಾರ

ಗ್ರಂಥಾಲಯದಲ್ಲಿ ಬೆಳಗಿನಿಂದ ಕೂತಿದ್ದೆ. ಶತ್ರು ಯಾವ ಆಯುಧ ಹಿಡಿದಿದ್ದಾನೆ ಎಂದು ಮೊದಲು ತಿಳಿಯಬೇಕು.

ವೈದ್ಯರು ಹೇಳಿದ್ದು ಮೂಲತಃ ಸುಳ್ಳಲ್ಲ. ಚರ್ಮದ ಕೆಳಗೆ ಸುಡುವ ಬಿಸಿಗೆಂದೇ ಎಚ್ಚರವಾಗಿರುವ ನರತುದಿಗಳಿವೆ. ಅವು ಸುದ್ದಿಯನ್ನು ಬೆನ್ನುಹುರಿಗೆ ಕಳಿಸುತ್ತವೆ. ಬೆನ್ನುಹುರಿ ಮಿದುಳಿನ ಅಪ್ಪಣೆಗೆ ಕಾಯುವುದಿಲ್ಲ. ಅಲ್ಲೇ, ಆ ಮಟ್ಟದಲ್ಲೇ, ತೋಳನ್ನು ಮಡಿಸುವ ಸ್ನಾಯುವಿಗೆ ಎಳೆ ಎಂದೂ, ಅದಕ್ಕೆ ಎದುರು ಕೆಲಸ ಮಾಡುವ ಸ್ನಾಯುವಿಗೆ ಸಡಿಲಬಿಡು ಎಂದೂ ಆಜ್ಞೆ ಹೋಗುತ್ತದೆ. ಕೈ ಹಿಂದೆ ಬಂದಮೇಲೆ ಮಿದುಳಿಗೆ ವರದಿ ತಲುಪುತ್ತದೆ, ಆಮೇಲೆ ನಾವು "ಅಯ್ಯೋ" ಎನ್ನುತ್ತೇವೆ. ನಮ್ಮ ಪುರಸಭೆಗೆ ತೀರಾ ತದ್ವಿರುದ್ಧ. ಇಲ್ಲಿ ಒಂದು ಚರಂಡಿ ಒಡೆದರೆ ಕಡತ ಮೇಲೆ ಹೋಗಬೇಕು, ಸಭೆ ಕೂಡಬೇಕು, ಕಡತ ಕೆಳಗೆ ಬರಬೇಕು. ನಮ್ಮ ದೇಹವನ್ನು ಪುರಸಭೆಗೆ ಒಪ್ಪಿಸಿದ್ದರೆ ಊರಿನಲ್ಲಿ ಒಬ್ಬರಿಗೂ ಬೆರಳು ಉಳಿಯುತ್ತಿರಲಿಲ್ಲ.

ಇನ್ನೊಂದು ವಿಷಯವನ್ನೂ ಬರೆದುಕೊಂಡೆ. ಮಿದುಳು ಬೇಕೆಂದರೆ ಮೇಲಿನಿಂದ "ತಡಿ" ಎಂಬ ಆಜ್ಞೆ ಕಳಿಸಿ ಈ ಪ್ರತಿಕ್ರಿಯೆಯನ್ನು ಅದುಮಿಡಬಲ್ಲದು. ಕೈಯಲ್ಲಿರುವುದನ್ನು ಬಿಟ್ಟರೆ ಇನ್ನೂ ದೊಡ್ಡ ಅನಾಹುತ ಎಂದಾಗ ಹೀಗಾಗುತ್ತದಂತೆ. ಇದು ಕಂಪನಿಗೆ ಅನುಕೂಲವಾದ ಮಾತು. ಇದನ್ನು ನಾವಾಗಿ ಎತ್ತಬಾರದು.

ಮಾರ್ಚ್ ೧೦, ಸೋಮವಾರ

ತಮ್ಮನ ಊಟದ ಡಬ್ಬಿ, ಚಪ್ಪಲಿ ತರುವ ನೆಪದಲ್ಲಿ ಲಾಂಡ್ರಿಯ ಒಳಗೆ ಹೋಗಿಬಂದೆ. ಉದ್ದನೆಯ ಶೆಡ್ಡು. ಒಂದು ಪಕ್ಕ ಒಗೆಯುವ ಡ್ರಮ್ಮುಗಳು, ಇನ್ನೊಂದು ಪಕ್ಕ ಸಾಲಾಗಿ ಪ್ರೆಸ್ಸುಗಳು. ಆಸ್ಪತ್ರೆಗಳ ಹಾಸುಬಟ್ಟೆ, ಹೋಟೆಲುಗಳ ಷರಟು. ಹಬೆಯಲ್ಲಿ ನನ್ನ ಕನ್ನಡಕ ಮಂಜಾಗಿ, ಸ್ವಲ್ಪ ಹೊತ್ತು ಮೇಲ್ವಿಚಾರಕನೆಂದು ತಿಳಿದು ಒಂದು ಕೋಟಿನ ಜೊತೆ ಮಾತಾಡಿದೆ.

ಪ್ರೆಸ್ಸನ್ನು ಕಣ್ಣಾರೆ ನೋಡಿದೆ. ಕೆಳಗೆ ಮೆತ್ತೆ, ಮೇಲೆ ಕಾದ ಹಲಗೆ. ಮುಂದೆ ಎರಡು ಗುಂಡಿ, ಎಡಕ್ಕೊಂದು ಬಲಕ್ಕೊಂದು. ಎರಡನ್ನೂ ಒಟ್ಟಿಗೆ ಒತ್ತಿ ಹಿಡಿದರೆ ಮಾತ್ರ ಹಲಗೆ ಇಳಿಯುತ್ತದೆ. ಎರಡು ಕೈಯೂ ಗುಂಡಿಯ ಮೇಲಿದ್ದರೆ ಹಲಗೆಯ ಕೆಳಗೆ ಕೈ ಇರಲು ಸಾಧ್ಯವೇ ಇಲ್ಲ. ಯಂತ್ರ ಮಾಡಿದವನು ಬುದ್ಧಿವಂತ.

ಆದರೆ ಪ್ರತಿಯೊಂದು ಪ್ರೆಸ್ಸಿನ ಎಡಗಡೆ ಗುಂಡಿಯ ಸಂದಿಗೆ ಬಟ್ಟೆ ಒಣಹಾಕುವ ಮರದ ಕ್ಲಿಪ್ಪು ಸಿಕ್ಕಿಸಿದ್ದಾರೆ! ಗುಂಡಿ ಸದಾ ಒತ್ತಿಕೊಂಡೇ ಇರುತ್ತದೆ. ಹಾಗಾಗಿ ಎಡಗೈ ಬಿಡುವಾಗಿ, ಹಲಗೆ ಇಳಿಯುವ ಕೊನೆಯ ಗಳಿಗೆಯವರೆಗೂ ಕಾಲರಿನ ಸುಕ್ಕು ಸರಿಮಾಡಬಹುದು. ಕ್ಲಿಪ್ಪಿಲ್ಲದೆ ಮಾಡಿದರೆ ದಿನದ ಕೆಲಸ ಮುಗಿಯುವುದಿಲ್ಲ ಎಂದು ಅಲ್ಲಿಯ ಹೆಂಗಸೊಬ್ಬಳು ಹೇಳಿದಳು. ಹಲಗೆ ಮೊದಲು ಹಗುರಾಗಿ ಕೂತು, ಆಮೇಲೆ ಪೂರ್ತಿ ಅದುಮುತ್ತದೆ. ಹಗುರಾಗಿ ಕೂತಾಗಲೇ ಚುರುಕ್ ಎಂದು ಕೈ ಹಿಂದೆ ಬಂದುಬಿಡುತ್ತದೆ. ಅದಕ್ಕೆ ಇವರೆಲ್ಲ "ಮುತ್ತು" ಎನ್ನುತ್ತಾರೆ. ಹೊಸಬರಿಗೆ ಮೊದಲ ಮುತ್ತು ಬಿದ್ದ ದಿನ ಚಹಾ ಕೊಡಿಸುವ ರೂಢಿಯಂತೆ. ಅವಳ ಕೈಮೇಲೆಲ್ಲ ಮುತ್ತಿನ ಗುರುತು. ಗಂಡನ ಕಡೆಯಿಂದ ಇಷ್ಟು ಸಿಕ್ಕಿದ್ದರೆ ಸಂಸಾರ ಸೊಗಸಾಗಿರುತ್ತಿತ್ತು ಎಂದು ನಕ್ಕಳು.

ಇವರ ಶೆಡ್ಡು ನಡೆಯುತ್ತಿರುವುದೇ ಹೀಗೆ. ಯಂತ್ರದ ರಕ್ಷಣೆಯನ್ನು ಕ್ಲಿಪ್ಪು ಹಾಕಿ ಮುಚ್ಚಿ, ಕೆಲಸದವರ ಬೆನ್ನುಹುರಿಯನ್ನೇ ಬಿಟ್ಟಿ ರಕ್ಷಣೆ ಮಾಡಿಕೊಂಡಿದ್ದಾರೆ.

ತಮ್ಮನಿಗೆ ಅಲ್ಲಿ "ಕಲ್ಲುಗೈ" ಎಂದು ಹೆಸರು. ಹಲಗೆ ಕಾದಿದೆಯೋ ಇಲ್ಲವೋ ಎಂದು ಉಳಿದವರು ನೀರು ಚಿಮುಕಿಸಿ ನೋಡಿದರೆ ಇವನು ಅಂಗೈ ಇಟ್ಟೇ ನಿಲ್ಲುತ್ತಿದ್ದನಂತೆ. ಅದಕ್ಕೇ ಬಾಗಿಲ ಪಕ್ಕದ, ಗಾಳಿ ಬರುವ ಪ್ರೆಸ್ಸು ಅವನಿಗೆ. ಅವನಿಲ್ಲದೆ ಬೇಜಾರು, ಬೇಗ ಕಳಿಸಿ ಎಂದರು. ಹೆಮ್ಮೆ ಎನಿಸಿತು.

ಮಾರ್ಚ್ ೧೩, ಗುರುವಾರ

ಕಾರ್ಮಿಕ ಸಂಘದ ವಕೀಲೆಯನ್ನು ಕಂಡೆ. ಹುಡುಗಿಯಂತಿದ್ದಾಳೆ, ಆದರೆ ಮಾತು ಕತ್ತರಿಯಂತೆ. ಕ್ಲಿಪ್ಪಿನ ವಿಷಯ ಕೇಳಿ ಖುಷಿಪಟ್ಟಳು. ಹಲಗೆ ಹಗುರಾಗಿ ಕೂರದೆ ನೇರ ಅದುಮಿತು, ಕೈ ಸಿಕ್ಕಿಕೊಂಡಿತು, ಎಳೆದುಕೊಳ್ಳಲು ಅವಕಾಶವೇ ಇರಲಿಲ್ಲ ಎಂದು ವಾದಿಸೋಣ ಎಂದಳು. ನಿಜವಾಗಿ ಹಾಗೇ ಆಯಿತೇ ಎಂದು ಖಚಿತಪಡಿಸಿಕೊಂಡು ಬನ್ನಿ ಎಂದೂ ಹೇಳಿದಳು. ಆಕೆ ಕೇಳಬೇಕಾಗಿಯೇ ಇರಲಿಲ್ಲ. ಸುಳ್ಳು ಹೇಳಿ ಗೆದ್ದ ಮೊಕದ್ದಮೆಯನ್ನು ನಾನು ಗೆಲುವು ಎಂದು ಕರೆಯುವುದಿಲ್ಲ ಎಂದೆ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ ಚಹಾ ತರಿಸಿದಳು.

ಕುಡಿದಿದ್ದ ಎಂಬ ಆರೋಪಕ್ಕೂ ಉತ್ತರ ಬೇಕು. ಇವನ ಪ್ರತಿಕ್ರಿಯೆ ಎಲ್ಲರಂತೆ ಚುರುಕಾಗಿದೆ ಎಂದು ತೋರಿಸಿಬಿಟ್ಟರೆ ಆಯಿತು. ನಾಳೆ ಮನೆಯಲ್ಲೇ ನೋಡುತ್ತೇನೆ.

ಮಾರ್ಚ್ ೧೪, ಶುಕ್ರವಾರ

ತಮ್ಮನಷ್ಟು ಮೊಂಡನನ್ನು ನಾನು ಕಂಡಿಲ್ಲ. ಸ್ಟೀಲಿನ ಲೋಟಕ್ಕೆ ಕುದಿಯುವ ನೀರು ಸುರಿದು ಮೇಜಿನ ಮೇಲಿಟ್ಟೆ. ಮೊದಲು ನಾನು ಮುಟ್ಟಿ ತೋರಿಸಿದೆ. ಬೆರಳು ತಗಲಿತೋ ಇಲ್ಲವೋ, ಕೈ ನನ್ನ ಕಿವಿಯ ಹತ್ತಿರ ಇತ್ತು. ಈಗ ನೀನು ಎಂದೆ. ಬಲಗೈಯಲ್ಲಿ ಲೋಟವನ್ನು ಪೂರ್ತಿ ಹಿಡಿದು, ನನ್ನ ಮುಖವನ್ನೇ ನೋಡುತ್ತ ಕೂತ. ನಾಟಕ ಸಾಕು, ಸಹಜವಾಗಿ ಮುಟ್ಟು ಎಂದೆ. ಸಹಜವಾಗೇ ಹಿಡಿದಿದೀನಿ ಎಂದ. ಇಲ್ಲಿ ನಿನ್ನ ಶೌರ್ಯ ನೋಡುವವರು ಯಾರೂ ಇಲ್ಲ, ಇಡೀ ಮೊಕದ್ದಮೆ ಹಾಳುಮಾಡುತ್ತೀಯ ಎಂದು ರೇಗಿದೆ. ಲೋಟ ಕೆಳಗಿಟ್ಟು ಹೊರಗೆ ಹೋದ. ಊಟಕ್ಕೂ ಕರೆದ ಮೇಲೇ ಬಂದದ್ದು.

ಕೈ ತೊಳೆಯುವಾಗ ನೋಡಿದೆ. ಅಂಗೈ ಕೆಂಪಾಗಿ ಒಂದು ಬೊಕ್ಕೆ ಎದ್ದಿತ್ತು. ಅವನು ಅದನ್ನು ನೋಡಿಯೇ ಇರಲಿಲ್ಲ.

ಮಾರ್ಚ್ ೧೫, ಶನಿವಾರ

ಬೆಳಿಗ್ಗೆ ಕೇಳಿದೆ, ನಿನಗೆ ಬಿಸಿ ಗೊತ್ತಾಗುತ್ತಾ ಎಂದು. ಗೊತ್ತಾಗಲ್ಲ ಎಂದ.

ಯಾವಾಗಿನಿಂದ ಎಂದರೆ ಸರಿಯಾಗಿ ಹೇಳಲು ಬರುವುದಿಲ್ಲ. ಮೊದಲು ಬೆರಳ ತುದಿ, ಆಮೇಲೆ ಕೈ, ಈಗ ಭುಜದವರೆಗೆ. "ಕೆಲಸ ಮಾಡಿ ಮಾಡಿ ಕೈ ಪಳಗಿದೆ ಅಂದ್ಕೊಂಡಿದ್ದೆ ಅಕ್ಕ. ಎಲ್ರೂ ಹಾಗೇ ಅಂತಿದ್ರು. ಆಮೇಲೆ ಅನುಮಾನ ಬಂತು. ಆದ್ರೆ ಅಷ್ಟೊತ್ತಿಗೆ ಹೆಸರು ಬಂದುಬಿಟ್ಟಿತ್ತಲ್ಲ."

ಮುಟ್ಟಿದ್ದು ಗೊತ್ತಾಗುತ್ತಾ ಎಂದೆ. ಕಣ್ಣು ಮುಚ್ಚಿ ನನ್ನ ಸೀರೆಯ ಸೆರಗು ಹಿಡಿದು, ಹತ್ತಿ, ಎರಡು ಸಲ ಗಂಜಿ ಕಂಡಿದೆ, ಅಂಚು ಬೇರೆ ನೂಲು ಎಂದ. ಎಲ್ಲವೂ ಸರಿಯಾಗಿತ್ತು. ಇಷ್ಟು ಗೊತ್ತಾಗುವ ಕೈಗೆ ಕುದಿಯುವ ನೀರು ಗೊತ್ತಾಗುವುದಿಲ್ಲ.

ಇವತ್ತು ಯಾರಿಗೂ ಪತ್ರ ಬರೆಯಲಿಲ್ಲ.

ಮಾರ್ಚ್ ೧೭, ಸೋಮವಾರ

ನರರೋಗದ ವೈದ್ಯೆಯ ಹತ್ತಿರ ಹೋಗಿದ್ದೆವು. ವಯಸ್ಸಾದವರು, ಅವಸರವಿಲ್ಲದವರು. ರಬ್ಬರಿನ ಸುತ್ತಿಗೆಯಿಂದ ಮೊಣಕಾಲಿಗೆ ತಟ್ಟಿದರು. ಕಾಲು ಸರಿಯಾಗಿ ಎಗರಿತು. ಮೊಣಕೈಗೆ ತಟ್ಟಿದರು. ಏನೂ ಆಗಲಿಲ್ಲ. ಇನ್ನೊಂದು ಸಲ ತಟ್ಟಿದರು. ತೋಳು ನೇತುಹಾಕಿದ ಕೋಟಿನ ಹಾಗೆ ಸುಮ್ಮನಿತ್ತು. ಆಮೇಲೆ ಅವನ ಕಣ್ಣಿಗೆ ಬಟ್ಟೆ ಕಟ್ಟಿ ಹತ್ತಿಯಿಂದ ಸವರಿದರು. ಪ್ರತಿ ಸಲವೂ ಸರಿಯಾಗಿ ಹೇಳಿದ. ಸೂಜಿಯಿಂದ ಚುಚ್ಚಿದರು. ಹತ್ತಿ ಎಂದ. ಬಿಸಿನೀರಿನ ಗಾಜಿನ ನಳಿಗೆ, ತಣ್ಣೀರಿನ ನಳಿಗೆ ಒಂದಾದ ಮೇಲೊಂದು ಇಟ್ಟರು. ಎರಡೂ ಒಂದೇ ಅಲ್ಲವೇ ಎಂದು ಕೇಳಿದ. ಎರಡನೆಯದನ್ನು ಇಟ್ಟಾಗ ಅವನ ಭುಜದ ಮೇಲೆ ನನ್ನ ಕೈ ಇತ್ತು ಎಂದು ಆಮೇಲೆ ಗೊತ್ತಾಯಿತು. ಪರೀಕ್ಷೆಗೆ ಅಡ್ಡಿ ಆಗುತ್ತೆ, ಸ್ವಲ್ಪ ತೆಗೀರಿ ಎಂದರು ವೈದ್ಯೆ.

ಮಾರ್ಚ್ ೨೧, ಶುಕ್ರವಾರ

ಸ್ಕ್ಯಾನಿನ ಫಲಿತಾಂಶ ಬಂತು. ಕುತ್ತಿಗೆಯ ಮಟ್ಟದಲ್ಲಿ ಬೆನ್ನುಹುರಿಯ ನಡುವೆ ಒಂದು ಪೊಳ್ಳು ಆಗಿದೆ. ಅದರಲ್ಲಿ ನೀರು ತುಂಬಿ ವರ್ಷಗಳಿಂದ ನಿಧಾನವಾಗಿ ಅಗಲವಾಗುತ್ತಿದೆ. ಬಿಸಿ ಮತ್ತು ನೋವಿನ ನರಗಳು ಒಂದು ಪಕ್ಕದಿಂದ ಇನ್ನೊಂದು ಪಕ್ಕಕ್ಕೆ ದಾಟುವುದು ಸರಿಯಾಗಿ ಅಲ್ಲೇ, ನಡುವಿನಲ್ಲೇ. ದಾಟುವ ಜಾಗವೇ ಕುಸಿದಿದೆ. ಸ್ಪರ್ಶದ ನರಗಳು ಹಿಂಬದಿಯ ಬೇರೆ ದಾರಿಯಲ್ಲಿ ಹೋಗುವುದರಿಂದ ಅವಕ್ಕೆ ಏನೂ ಆಗಿಲ್ಲ. ಕೈಗೆ "ಹಿಂದೆ ಬಾ" ಎಂದು ಹೇಳಬೇಕಾದ ಜಾಗವೂ ಅದೇ ಕುಸಿತದಲ್ಲಿ ಸೇರಿಹೋಗಿದೆ.

ಶಸ್ತ್ರಚಿಕಿತ್ಸೆ ಮಾಡಿದರೆ ಇನ್ನೂ ಹರಡುವುದು ನಿಲ್ಲಬಹುದು. ಹೋದದ್ದು ಬರುವ ಭರವಸೆ ಇಲ್ಲ. ಬಿಟ್ಟರೆ ಬೆರಳುಗಳ ಬಲವೂ ಹೋಗುತ್ತದೆ. ಏಪ್ರಿಲ್ ಹದಿನಾಲ್ಕಕ್ಕೆ ದಿನ ಕೊಟ್ಟಿದ್ದಾರೆ.

ದಾರಿಯುದ್ದಕ್ಕೂ ತಮ್ಮ ಸ್ಕ್ಯಾನಿನ ಲಕೋಟೆಯನ್ನು ತಾನೇ ಹಿಡಿದುಕೊಂಡಿದ್ದ. ಮನೆಯ ಮೆಟ್ಟಿಲ ಹತ್ತಿರ, "ಪೊಳ್ಳು ಇರೋದು ತಲೇಲಿ ಅಂತ ನೀನು ಹೇಳ್ತಿದ್ದೆ. ಸ್ವಲ್ಪ ಕೆಳಗಿದೆ" ಎಂದ.

ಮಾರ್ಚ್ ೨೨, ಶನಿವಾರ

ಪೇಟೆಗೆ ಹೋಗಿ ಮರದ ಹಿಡಿಯ ಸೌಟು, ದಪ್ಪ ಕೈಗವಸು ಎರಡು ಜೊತೆ, ನೀರಿನ ಉಷ್ಣಮಾಪಕ ತಂದೆ. ಒಲೆಯಿಂದ ಇಳಿಸಿದ ಪಾತ್ರೆಗೆಲ್ಲ ಕೆಂಪು ಬಟ್ಟೆ ಸುತ್ತಬೇಕೆಂದು ನಿಯಮ ಮಾಡಿದೆ. ಅವನ ಸ್ನಾನದ ನೀರನ್ನು ನಾನೇ ಮೊಣಕೈ ಅದ್ದಿ ನೋಡುತ್ತೇನೆ. ಐವತ್ತೆರಡು ವರ್ಷದ ಗಂಡಸನ್ನು ತೊಟ್ಟಿಲಿಗೆ ಹಾಕಿದ್ದೀಯಲ್ಲ, ಲಾಲಿ ಯಾವಾಗ ಎಂದು ರೇಗಿಸಿದ.

ಸಾಯಂಕಾಲ ಅವನ ಎರಡೂ ತೋಳುಗಳನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದೆ. ಹಳೆಯ ಸುಟ್ಟ ಗುರುತುಗಳು ಎಷ್ಟೊಂದಿವೆ. ಒಂದೇ ಮನೆಯಲ್ಲಿದ್ದೇವೆ, ಒಂದೇ ಮೇಜಿನಲ್ಲಿ ಊಟ ಮಾಡುತ್ತೇವೆ.

ನನ್ನ ಪತ್ರ ಪತ್ರಿಕೆಯಲ್ಲಿ ಅಚ್ಚಾಗಿದೆ ಎಂದು ಪಕ್ಕದ ಮನೆಯಾಕೆ ಹೇಳಿದಳು. ತೆಗೆದು ನೋಡಲಿಲ್ಲ.

ಮಾರ್ಚ್ ೨೫, ಮಂಗಳವಾರ

ವಕೀಲೆಗೆ ಎಲ್ಲ ಹೇಳಿದೆ. ಪೆನ್ನು ಕೆಳಗಿಟ್ಟು ಎರಡು ದಾರಿಯನ್ನೂ ಬಿಡಿಸಿ ಹೇಳಿದಳು. ಸ್ಕ್ಯಾನು ಹೊರಗೆ ತಂದರೆ ಬೇಕೆಂದೇ ಸುಟ್ಟುಕೊಂಡ ಎಂಬ ಆರೋಪ ಬೀಳುತ್ತದೆ. ಆದರೆ ಕಂಪನಿಯವರು ಆಗ, ತಪ್ಪು ಅವನ ರೋಗದ್ದು, ನಮ್ಮ ಯಂತ್ರದ್ದಲ್ಲ ಎನ್ನುತ್ತಾರೆ. ರೋಗ ಮುಚ್ಚಿಟ್ಟು ಕೆಲಸ ಮಾಡಿದ ಎಂದು ಇನ್ನೊಂದು ಆರೋಪ ಹೊರಿಸುತ್ತಾರೆ. ಚಿಕಿತ್ಸೆಯ ಖರ್ಚೂ ಹೋಯಿತು, ಕೆಲಸವೂ ಹೋಯಿತು. ಕೈ ಸಿಕ್ಕಿಕೊಂಡಿತ್ತು ಎಂದಷ್ಟೇ ಹೇಳಿದರೆ ಗೆಲ್ಲುವ ಸಾಧ್ಯತೆ ಹೆಚ್ಚು. ನೀವು ತೀರ್ಮಾನಿಸಿ, ನಾನಾಗಿ ಏನೂ ಹೇಳಲಾರೆ ಎಂದಳು.

ಕೈ ಸಿಕ್ಕಿಕೊಂಡಿತ್ತು ಎಂದೇ ಹೇಳುವುದು. ತಮ್ಮನಿಗೂ ಹಾಗೇ ಹೇಳಿಕೊಟ್ಟೆ. ಅವರು ಕೇಳದಿದ್ದನ್ನು ನಾವೇಕೆ ಹೇಳಬೇಕು? ತೆರಿಗೆ ಕಟ್ಟುವವರೆಲ್ಲ ಸತ್ಯವನ್ನೂ ಕಂತಿನಲ್ಲಿ ಕಟ್ಟಬೇಕೆಂದು ಯಾವ ಕಾನೂನಿನಲ್ಲಿದೆ? ತಮ್ಮ ತಲೆಯಾಡಿಸಿದ. ಒಪ್ಪಿದ್ದಕ್ಕೋ ಕೇಳಿಸಿಕೊಂಡದ್ದಕ್ಕೋ ತಿಳಿಯಲಿಲ್ಲ.

ವಿಚಾರಣೆಯಲ್ಲಿ ಓದಲು ಬರೆದ ಭಾಷಣ ನಾಲ್ಕು ಪುಟ ಆಗಿದೆ. ಉದ್ಘಾಟನೆಯ ತಲೆಬರಹದಿಂದಲೇ ಶುರುಮಾಡಿದ್ದೇನೆ.

ಮಾರ್ಚ್ ೨೮, ಶುಕ್ರವಾರ

ವಿಚಾರಣೆ ಮುಗಿಯಿತು. ಕ್ರಮವಾಗಿ ಬರೆಯುತ್ತೇನೆ.

ಕೋಣೆ ಸಣ್ಣದು, ಫ್ಯಾನಿಗೆ ಒಂದು ರೆಕ್ಕೆ ಸೊಟ್ಟ. ಅಧಿಕಾರಿ ನಶ್ಯದ ಬಣ್ಣದ ಕೋಟು ಹಾಕಿದ ಮನುಷ್ಯ, ಮಾತಿಗಿಂತ ಬರೆದದ್ದು ಜಾಸ್ತಿ. ಮೊದಲು ಕಂಪನಿಯ ವೈದ್ಯರು ನೋಟೀಸಿನಲ್ಲಿದ್ದದ್ದನ್ನೇ ಒಪ್ಪಿಸಿದರು. ಆರೋಗ್ಯವಂತ ಮನುಷ್ಯನ ಕೈ ಬಿಸಿಯಿಂದ ತಾನಾಗಿ ಹಿಂದೆ ಬರುತ್ತದೆ, ಬರಲೇಬೇಕು. ನಂತರ ಮೇಲ್ವಿಚಾರಕ, ಕ್ಲಿಪ್ಪುಗಳ ವಿಷಯ ತನಗೆ ಗೊತ್ತಿಲ್ಲ, ಕೆಲಸದವರು ತಾವಾಗಿ ಮಾಡಿಕೊಂಡದ್ದಿರಬಹುದು ಎಂದ. ಸುಳ್ಳು ಹೇಳುವಾಗ ಬೆವರು ಒರೆಸಿಕೊಳ್ಳುವ ಸೌಜನ್ಯ ಇತ್ತು.

ಅಧಿಕಾರಿ ತಮ್ಮನ ಕಡೆ ತಿರುಗಿ, ಕೈ ಸುಡುತ್ತಿದ್ದಾಗ ಯಾಕೆ ಎಳೆದುಕೊಳ್ಳಲಿಲ್ಲ ಎಂದು ಕೇಳಿದರು. ಉತ್ತರ ಎರಡು ಪದದ್ದು. ಬೆಳಿಗ್ಗೆ ಬಸ್ಸಿನಲ್ಲಿ ಕೂಡ ಹೇಳಿಸಿದ್ದೆ. ತಮ್ಮ ಬ್ಯಾಂಡೇಜನ್ನು ನೋಡುತ್ತ ನಿಂತ.

"ಸುಡ್ತಿದೆ ಅಂತ ಗೊತ್ತಾಗಲಿಲ್ಲ ಸರ್. ನಂಗೆ ಬಿಸಿ ಗೊತ್ತಾಗಲ್ಲ. ವಾಸನೆ ಬಂತು. ಯಾರದೋ ಷರಟು ಹೋಯ್ತಲ್ಲಪ್ಪ ಅಂದ್ಕೊಂಡೆ."

ವಾಸನೆಯ ವಿಷಯ ನನಗೂ ಹೇಳಿರಲಿಲ್ಲ.

 ವಕೀಲೆ ನನ್ನ ಕಡೆ ನೋಡಿದಳು, ನಾನು ತಲೆಯಾಡಿಸಿದೆ, ಅವಳು ಸ್ಕ್ಯಾನಿನ ವರದಿ ಮುಂದಿಟ್ಟಳು. ಕಂಪನಿಯ ವೈದ್ಯರು ಓದಿ, ನಿರಾಳವಾಗಿ ಕುರ್ಚಿಗೆ ಒರಗಿದರು. ಹಾಗಾದರೆ ಇದು ಕಾಯಿಲೆಯ ಪ್ರಶ್ನೆ, ಯಂತ್ರದ್ದಲ್ಲ. ಎಲ್ಲರ ಕೈ ಹಿಂದೆ ಬರುತ್ತದೆ, ಇವರದ್ದು ಮಾತ್ರ ಬರಲಿಲ್ಲ ಎಂದರು.

ನಾನು ಎದ್ದು ನಿಂತಿದ್ದೆ. ಯಾವಾಗ ಎದ್ದೆನೋ ಗೊತ್ತಿಲ್ಲ. ತಾವು ಯಾರು ಎಂದರು ಅಧಿಕಾರಿ. ನಾಗರಿಕಳು, ನಿವೃತ್ತ ಕರಡು ತಿದ್ದುಗಾರ್ತಿ, ತೆರಿಗೆದಾರಳು ಎಂದು ಪುಟ ಒಂದರಲ್ಲಿ ಬರೆದುಕೊಂಡಿದ್ದೆ. "ಅವನ ಅಕ್ಕ" ಎಂದೆ. ನಾಲ್ಕು ಪುಟ ಚೀಲದಲ್ಲೇ ಉಳಿಯಿತು. ಒಂದೇ ಪ್ರಶ್ನೆ ಕೇಳಿದೆ.

"ಎಲ್ಲರ ಕೈಯೂ ತಾನಾಗಿ ಹಿಂದೆ ಬರೋದಾದ್ರೆ, ಯಂತ್ರಕ್ಕೆ ಎರಡನೇ ಗುಂಡಿ ಯಾಕಿಟ್ಟಿದಾರೆ?"

 ಅಧಿಕಾರಿ ಬರೆದುಕೊಂಡರು. ಆಮೇಲೆ ಮೇಲ್ವಿಚಾರಕನನ್ನು, ಈತನಿಗೆ ಬಿಸಿ ಗೊತ್ತಾಗುವುದಿಲ್ಲ ಎಂದು ನಿಮ್ಮಲ್ಲಿ ಯಾರಿಗೂ ತಿಳಿದಿರಲಿಲ್ಲವೇ ಎಂದು ಸುಮ್ಮನೆ, ಹವಾಮಾನ ಕೇಳಿದಂತೆ ಕೇಳಿದರು. ಅವನಿಗೆ ಪಾಪ ಆ ಪ್ರಶ್ನೆಯಲ್ಲಿ ತಮ್ಮನ ಹೊಗಳಿಕೆಯೇ ಕೇಳಿಸಿರಬೇಕು.

"ಗೊತ್ತಿಲ್ದೆ ಏನು ಸರ್, ಇಡೀ ಶೆಡ್ಡಿಗೇ ಗೊತ್ತು. ಕಲ್ಲುಗೈ ಅಂತಾನೇ ಕರೆಯೋದು. ಹೊಸಬರು ಬಂದ್ರೆ ನಾನೇ ಕರ್ಕೊಂಡು ಹೋಗಿ ತೋರಿಸ್ತಿದ್ದೆ."

ವೈದ್ಯರು ಕುರ್ಚಿಯಲ್ಲಿ ನೇರವಾದರು. ಅಧಿಕಾರಿ ಅದನ್ನೂ ಬರೆದುಕೊಂಡರು, ನಿಧಾನವಾಗಿ, ಒಂದೊಂದು ಪದವನ್ನೂ.

ಹೊರಗೆ ಬಂದಮೇಲೆ ತಮ್ಮನನ್ನು ಕೇಳಿದೆ, ಹೇಳಿಕೊಟ್ಟದ್ದು ಮರೆತುಹೋಯಿತೇ ಎಂದು. ಮರೆಯಲಿಲ್ಲ ಎಂದ. "ಸಿಕ್ಕಿಕೊಂಡಿತ್ತು ಅಂದಿದ್ರೆ, ಹುಷಾರಾದ್ಮೇಲೆ ಮತ್ತೆ ಅದೇ ಪ್ರೆಸ್ಸಿಗೆ ನಿಲ್ಲಿಸ್ತಿದ್ರು ಅಕ್ಕ. ನಂಗೆ ಹೆದರಿಕೆ ಆಯ್ತು." ಚಿಕ್ಕಂದಿನಿಂದ ಇವನ ಬಾಯಲ್ಲಿ ಹೆದರಿಕೆ ಎಂಬ ಮಾತು ಕೇಳಿರಲಿಲ್ಲ. ಬಸ್ಸು ಬರುವವರೆಗೆ ಅವನ ಬಲಗೈ ಹಿಡಿದುಕೊಂಡಿದ್ದೆ. ನಿಲ್ದಾಣದ ಕಬ್ಬಿಣದ ಬೆಂಚು ಬಿಸಿಲಿಗೆ ಕಾದಿತ್ತು, ಅದಕ್ಕೆ.

ಏಪ್ರಿಲ್ ೪, ಶುಕ್ರವಾರ

ಆದೇಶ ಬಂತು. ಬೇಕೆಂದೇ ಮಾಡಿಕೊಂಡ ಎಂಬ ಆರೋಪ, ಕುಡಿದಿದ್ದ ಎಂಬ ಆರೋಪ, ಎರಡೂ ವಜಾ. ಗಾಯದ ಚಿಕಿತ್ಸೆ ಕಂಪನಿಯದ್ದು. ಬೆನ್ನುಹುರಿಯ ಶಸ್ತ್ರಚಿಕಿತ್ಸೆ ಕಂಪನಿಯದ್ದಲ್ಲ. ಅದಕ್ಕೆ ದೊಡ್ಡಾಸ್ಪತ್ರೆಯ ಸರದಿಯಲ್ಲೇ ಹೋಗಬೇಕು. ಎಲ್ಲ ಪ್ರೆಸ್ಸುಗಳಿಂದ ಕ್ಲಿಪ್ಪು ತೆಗೆಯಬೇಕು. ತಮ್ಮನನ್ನು ಬಿಸಿ ಇಲ್ಲದ ಕೆಲಸಕ್ಕೆ ಹಾಕಬೇಕು. ಬಟ್ಟೆ ವಿಂಗಡಿಸುವ ಮೇಜಿಗೆ ಹಾಕುತ್ತಾರಂತೆ. ಅಲ್ಲಿ ಮುಟ್ಟಿ ನೋಡುವುದೇ ಕೆಲಸ.

ಅರ್ಧ ನ್ಯಾಯ. ಮೇಲ್ಮನವಿ ಹಾಕಬಹುದು ಎಂದಳು ವಕೀಲೆ. ಮೊದಲು ಹದಿನಾಲ್ಕು ಕಳೆಯಲಿ ಎಂದೆ.

ಮೇಲ್ವಿಚಾರಕ ಮನೆಗೆ ಬಂದಿದ್ದ. ನಿಂತೇ ಮಾತಾಡಿದ. ಮಾಲೀಕರು ತನ್ನ ಮೇಲೆ ಹರಿಹಾಯ್ದರು ಎಂದ. ಹೋಗುವಾಗ ಒಂದು ಚೀಲ ಕೊಟ್ಟ. ಶೆಡ್ಡಿನ ಕ್ಲಿಪ್ಪುಗಳು. ತಮ್ಮನಿಗೆ ಕೊಡಬೇಕು ಎಂದು ಎಲ್ಲರೂ ಹೇಳಿದರಂತೆ. ನಮ್ಮ ಒಗೆದ ಬಟ್ಟೆಗೆ ಹಾಕಿದ್ದೇನೆ, ಗಾಳಿಗೆ ಚೆನ್ನಾಗಿ ಹಿಡಿಯುತ್ತವೆ. ಮೇಲ್ವಿಚಾರಕನಿಗೆ ಚಹಾ ಕೊಡದೆ ಕಳಿಸಬೇಕೆಂದಿದ್ದೆ. ಕೊಟ್ಟೆ.

ಏಪ್ರಿಲ್ ೬, ಭಾನುವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟ.

ಮಧ್ಯಾಹ್ನ ಆಲೂಗಡ್ಡೆ ಬೇಯಿಸಿದ್ದೆ. ತಮ್ಮ ಸುಮ್ಮನೆ ಕೂರಲಾರ. ತೂತಿನ ಬುಟ್ಟಿಯನ್ನು ತೊಟ್ಟಿಯ ಮೇಲೆ ಬಲಗೈಯಲ್ಲಿ ಹಿಡಿದು, ಬ್ಯಾಂಡೇಜಿನ ಕೈಯನ್ನು ಅದಕ್ಕೆ ಆನಿಸಿ ನಿಂತಿದ್ದ. ಕೈಗವಸು ಹಾಕಿಕೋ ಎಂದರೆ, ಸೆಕೆ ಎಂದ. ನಾನು ಪಾತ್ರೆಯನ್ನು ಎರಡು ಹಿಡಿಕೆ ಹಿಡಿದು ತಂದು ಬಗ್ಗಿಸಬೇಕು ಎನ್ನುವಷ್ಟರಲ್ಲಿ ಬಲಗಡೆಯ ಹಿಡಿಕೆ ಕಿತ್ತುಬಂತು. ಪಾತ್ರೆ ವಾಲಿತು. ತಳಕ್ಕೆ ಬಲ ಅಂಗೈ ಕೊಟ್ಟು ಎತ್ತಿ ಹಿಡಿದೆ. ಹಾಗೇ ಒಲೆಯವರೆಗೆ ನಡೆದು, ಇಟ್ಟು, ಆಮೇಲೆ ಕೂಗಿದೆನಂತೆ. ಒಂದು ತೊಟ್ಟೂ ಅವನ ಕೈಮೇಲೆ ಬೀಳಲಿಲ್ಲ.

ತಮ್ಮನೇ ತಣ್ಣೀರು ಬಿಟ್ಟ, ಮುಲಾಮು ಹಚ್ಚಿದ. ಅವನ ಬೆರಳು ಬಹಳ ಹಗುರ. ತುಂಬಾ ಉರಿಯುತ್ತಾ ಎಂದು ಕೇಳಿದ. ಉರಿಯುತ್ತೆ ಎಂದೆ. ಹೇಗೆ ಎಂದ. ಹೇಳಲು ಪ್ರಯತ್ನಿಸಿದೆ, ಸರಿಯಾಗಿ ಬರಲಿಲ್ಲ. ಅವನು ಕೇಳಿಸಿಕೊಂಡ.

"ಬಿಟ್ಟುಬಿಡಬೇಕಿತ್ತಲ್ಲಕ್ಕ, ಯಾಕೆ ಹಿಡ್ಕೊಂಡೆ?"

ಯೋಚನೆ ಮಾಡಲು ಪುರುಸೊತ್ತು ಎಲ್ಲಿತ್ತು ಎಂದೆ.

ಅಷ್ಟು ತೂಕದ ಪಾತ್ರೆಯ ಹಿಡಿಕೆಗೆ ಒಂದೇ ಒಂದು ಸ್ಕ್ರೂ ಹಾಕುತ್ತಾರೆ. ಇದು ಯಾವ ನ್ಯಾಯ? ಆ ಪಾತ್ರೆ ಮಾಡಿದವರಿಗೆ ಬರೆಯಬೇಕು, ಕೈ ವಾಸಿಯಾಗಲಿ. ಆಲೂಗಡ್ಡೆ ಚೆನ್ನಾಗಿ ಬೆಂದಿತ್ತು. ಆರಿದ ಮೇಲೆ ಸಿಪ್ಪೆಯನ್ನು ಅವನೇ ಸುಲಿದ.